ಮೊದಲ ನೀರಿಗೆ ಹಾದಿ, ಆಮ್ಯಾಲೆ ಸೈಕಲ್ಲಿಗೆ

ಹಿತ್ತಲದಾಗ ಸೈಕಲ್ ಹಾದಿ ಮಾಡೇವಿ ಅಂದ್ರ ಕೇಳಿದವರು ಮೊದಲ ನಗತಾರ. "ಮೆಂತೆ, ಕೊತ್ತಂಬರಿ ಹಾಕೂ ಜಾಗಾದಾಗ ಇದೇನ್ರೀ ಹೊಸಾದು?" ಅಂತಾರ. ಇದು ಸಾದಾ ಸೈಕಲ್ಲಿಗಲ್ರೀ. ಗುಡ್ಡಾ ಹತ್ತಿ ಇಳಿಯೂ ದಪ್ಪ ಗಾಲಿ ಸೈಕಲ್ ಇರತಾವಲ್ಲ, ಮೌಂಟನ್ ಬೈಕ್ ಅಂತಾರ, ಅದಕ್ಕ.

ಬೇಕಾಗಿದ್ದು ನಮ್ಮ ಮೈದುನನ ಮಗಳಿಗೆ. 2022ರಾಗ ಗದಗಿನ್ಯಾಗ ರಾಷ್ಟ್ರಮಟ್ಟದ ಮೌಂಟನ್ ಬೈಕ್ ಪಂದ್ಯ ನಡೆದಾಗ ಅಪ್ಪನ ಕೂಡ ಹೋಗಿ ನೋಡಿ ಬಂದಿದ್ಲು. ಅವತ್ತಿನಿಂದ ಒಂದ ಹಟಾ. ನಮ್ಮ ಅತ್ತಿಯವರು, "ದೊಡ್ಡಾಕಿ ಆಗ್ಯಾಳ, ಕೈಕಾಲ ಮುರಕೊಂಡ್ರ ಯಾರ ನೋಡಬೇಕು? ಸೈಕಲ್ ಸಾಕು" ಅಂದ್ರು. ಗಾಡಿ ಗದ್ದಲದಾಗ ರಸ್ತೆಕ್ಕ ಕಳಸಾಕ ನಮಗೂ ಅಂಜಿಕಿ. ಹಂಗಂತ ಹೊಡಿಯೂದ ಬಿಡು ಅನ್ನಾಕ ನನಗ ಮನಸ್ಸಾಗಲಿಲ್ಲ. "ಹಿತ್ತಲದಾಗ ಹೊಡೀಲಿ, ಅಡಗಿಮನಿ ಕಿಡಕ್ಯಾಗಿಂದ ನಾ ನೋಡತೇನಿ" ಅಂದೆ.

ನನ್ನ ಮಗ, ಅವನ ಗೆಳ್ಯಾರು ಕೂಡಿ ಎರಡು ಐತವಾರದಾಗ ಮ್ಯಾಲಿನ ಮಾವಿನ ಗಿಡದಿಂದ ಕೆಳಗಿನ ಬಾಳಿಗಿಡದ ತನಕಾ ನೆಟ್ಟಗ ಇಳಿಜಾರ ಹಡ್ಡಿದ್ರು. ಮೇ ತಿಂಗಳ ಅಡ್ಡಮಳಿ ಒಂದ ಸಂಜಿ ಹೊಡೀತು ನೋಡ್ರಿ, ಹಾದಿ ಹೋಗಿ ಗಟಾರ ಆತು. ಬಾಜೂ ಅಕ್ಕಾರ ಮನಿ ನಮ್ಮಕಿಂತ ತೆಗ್ಗಿನ್ಯಾಗ ಐತಿ. ಕೆಂಪ ರಾಡಿ ಅವರ ತುಳಸಿಕಟ್ಟಿ ತನಕಾ ಹೋತು. 22 ವರ್ಷದ ಬಳಕಿ ನಮ್ಮದು. ಅಕ್ಕಾರು ಒಂದ ಮಾತೂ ಆಡದ ಕಸಬರಗಿ ಹಿಡದು ರಾಡಿ ಬಳಿಯಾಕತ್ತಿದ್ರು. ಬೈದಿದ್ರ ಛಲೋ ಇತ್ತು. ನಾನೂ ಬಕೆಟ್ ತಗೊಂಡು ಹೋದೆ. ಅರ್ಧಾ ಬಳದ ಮ್ಯಾಲೆ ಅಂದ್ರು: "ಹುಡುಗಿ ಆಡಲಿ, ಬ್ಯಾಡ ಅನ್ನೂದಿಲ್ಲ. ನಿಮ್ಮ ನೀರು ನನ್ನ ಗ್ವಾಡಿಗೆ ಬರಬಾರದು."

ಖರೇ ಮಾತು. ನೀರಿನ ದಾರಿ ಧಾರವಾಡದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಉಳವಿ ಬಸವಣ್ಣನ ಗುಡಿ ಹತ್ರ ಬಿದ್ದ ಮಳಿ ಒಂದ ಕಡಿದು ಅರಬ್ಬಿ ಸಮುದ್ರಕ್ಕ, ಇನ್ನೊಂದ ಕಡಿದು ಬಂಗಾಲ ಉಪಸಾಗರಕ್ಕ ಹೋಗತೈತಿ ಅಂತ ಹಿರ್ಯಾರು ಹೇಳತಾರ. ಒಂದ ಗೇಣ ಆಕಡೆ ಈಕಡೆ ಆದ್ರ ನೀರು ಸೇರೂ ಸಮುದ್ರನ ಬ್ಯಾರೆ.

ಮಗ ಇಂಥಾ ಹಾದಿ ಕಟ್ಟೂ ಪದ್ಧತಿ ಓದಕೊಂಡು, ಗೌಂಡಿ ಕಡಿಂದ ನೀರು ತುಂಬೂ ಪೈಪು ಇಸಕೊಂಡು ಬಂದು ಮಟ್ಟಾ ನೋಡಿದ. ಲೆಕ್ಕಾ ಹಿಂಗ ಐತಿ: 10 ಅಡಿ ಮುಂದ ಹೋದ್ರ ಇಳಿತ 1 ಅಡಿ ದಾಟಬಾರದು. ಮತ್ತ, ಜಾಗಾದ ಇಳಿಜಾರ ಎಷ್ಟೈತಿ, ಹಾದಿ ಇಳಿಜಾರ ಅದರ ಅರ್ಧಕ್ಕಿಂತ ಕಡಿಮಿ ಇರಬೇಕು. ಇಲ್ಲಂದ್ರ ನೀರು ಹಾದಿ ದಾಟಿ ಹೋಗೂದು ಬಿಟ್ಟು ಹಾದಿ ಹಿಡದ ಹರೀತೈತಿ. ಅದಕ್ಕ ಹಳೇದು ಮುಚ್ಚಿ, ಹಾವಿನಗತೆ ಅಡ್ಡಡ್ಡ ತಿರುವಿ ಇಳಿಸಿದ್ರು. 3 ಅಡಿ ಅಗಲದ ಹಾದಿ ತೆಗ್ಗಿನ ಕಡೆ 2 ಇಂಚು ವಾಲಿಸಿದ್ರು. ಹಂಚು ಒಂದ ಕಡೆ ವಾಲಿದ್ರ ಎಣ್ಣಿ ಹೆಂಗ ಸರೀತೈತಿ, ಹಂಗ ನೀರು ಸರೀತೈತಿ. ನಡುವ ನಡುವ ಒಂದ ತೆಗ್ಗು, ಅದರ ಮುಂದ ಸಣ್ಣ ದಿಬ್ಬ. ಹುಡುಗಿಗೆ ಅದು ಜಿಗಿಯೂ ಆಟ, ನೀರಿಗೆ ಹೊರಬೀಳೂ ಬಾಗಲಾ. ಕಡೀ ತೆಗ್ಗಿನ ನೀರು ಬಾಳಿಗಿಡದ ಹತ್ರ ಇಂಗುಗುಂಡಿಗೆ ಬೀಳತೈತಿ. ಅಕ್ಕಾರ ಗ್ವಾಡಿಯಿಂದ 6 ಅಡಿ ಬಿಟ್ಟು ಸಾಲಾಗಿ ಲಾವಂಚ ಹಚ್ಚೇವಿ. ಅದರ ಬೇರು ಆಳಕ್ಕ ಇಳದು ಮಣ್ಣು ಹಿಡೀತಾವ.

ನಮ್ಮದು ಗರಸು ಕೂಡಿದ ಕೆಂಪ ಮಸಾರಿ, ನೀರು ಹೊಡದು ಬಡದ್ರ ಗಟ್ಟಿ ಕೂಡತೈತಿ. ನವಲಗುಂದ, ಅಣ್ಣಿಗೇರಿ ಕಡೆ ಎರಿ ಮಣ್ಣಿನವರು ಅವಸರ ಮಾಡಬ್ಯಾಡ್ರಿ. ಎರಿ ಹಸಿ ಆದ್ರ ಉಬ್ಬತೈತಿ, ಗಾಲಿಗೆ ಹುಗ್ಗಿಗತೆ ಅಂಟತೈತಿ, ಬ್ಯಾಸಗಿಗೆ ಬಿರಕ ಬಿಡತೈತಿ. ಮ್ಯಾಲೆ ಗರಸು ಹಾಕಿ ಗಟ್ಟಿ ಮಾಡಲಿಕ್ಕೇ ಬೇಕು.

ಅತ್ತಿಯವರಿಗೆ ಹುಡುಗಿನ ಕುಂತು ಹೇಳಿದ್ಲು. ಈ ಆಟ ಅಮೇರಿಕಾದ ಕ್ಯಾಲಿಫೋರ್ನಿಯಾದಾಗ 1970ರ ದಶಕದಾಗ ಬೆಳೀತಂತ. ಹಳೇ ದಪ್ಪ ಸೈಕಲ್ ಗುಡ್ಡದಿಂದ ಬಿಡತಿದ್ರು, ಬ್ರೇಕ್ ಕಾಯ್ದು ಒಳಗಿನ ಗ್ರೀಸ್ ಹೊಗಿ ಆಗಿ ಹೋಗತಿತ್ತು, ಮತ್ತ ತುಂಬತಿದ್ರು. 1996ರಾಗ ಒಲಿಂಪಿಕ್ಸಿಗೆ ಬಂತು, ಅದ ವರ್ಷನ ಹೆಣ್ಣುಮಕ್ಕಳ ಪಂದ್ಯನೂ ಇಟ್ರು. ಅತ್ತಿಯವರು ಎಲ್ಲಾ ಕೇಳಿ, "ತಲಿಗೆ ಹೆಲ್ಮೆಟ್ ಹಾಕ್ಕೋ" ಅಂದ್ರು, ಅಷ್ಟ.

ಜೂನ್ ಮಳಿಗೆ ಅಕ್ಕಾರು ಕೊಡಿ ಹಿಡಕೊಂಡು ಗ್ವಾಡಿ ಹತ್ರ ಬಂದು ನಿಂತ್ರು. ನೀರು ಬಾಳಿಗಿಡದ ಕಡೆ ತಿರಗೂದು ನೋಡಿ, "ಚಾ ಇಡ್ರಿ, ಬರತೇನಿ" ಅಂದ್ರು.

ನಾವು ಮನ್ಯಾಗ ಒಂದ ನೇಮಾ ಇಟ್ಟೇವಿ: ಹಾದಿ ಹಸಿ ಇದ್ದ ದಿನ ಸೈಕಲ್ ಇಳಿಸೂಹಂಗಿಲ್ಲ, ಗಾಲಿ ಕೊರದ ಗೆರಿಯಾಗನ ಮತ್ತ ನೀರು ಹರೀತೈತಿ. ರಾತ್ರಿ ಜೋರ ಮಳಿ ಬಂದ್ರ ಬ್ಯಾಟರಿ ಹಿಡದು ಹೋಗಿ ಕಡೀ ತೆಗ್ಗಿನ್ಯಾಗ ಎಲಿ ಕಸಾ ಕಟ್ಟೇತೇನು ನೋಡತೇನಿ. ಒಂದೊಂದ ಸಲ ಆ ಕಡಿಂದ ಅಕ್ಕಾರ ಬ್ಯಾಟರಿನೂ ಕಾಣತೈತಿ.