ಶಾಲು ಹೊದಿಸದ ಆಟ

ಬೆಳಗ್ಗೆ ಗೇಟಿನ ತನಕ ಹೋಗಿ ಹಾಲಿನ ಪ್ಯಾಕೆಟ್ ತಂದೆ. ಅಷ್ಟಕ್ಕೇ ಜೇಬಿನಲ್ಲಿದ್ದ ಫೋನು ಗುಂಯ್ ಎಂದು, "ಅದ್ಭುತ! ಹೀಗೇ ಮುಂದುವರಿಸಿ!" ಎಂದಿತು. ಪಕ್ಕದಲ್ಲಿ ಚಪ್ಪಾಳೆ ತಟ್ಟುವ ಕೈಗಳ ಚಿತ್ರ ಬೇರೆ. ಹಾಲು ತರುವುದರಲ್ಲಿ ಎಂಥ ಅದ್ಭುತ? ಮುಂದುವರಿಸದೆ ಇರುವುದಾದರೂ ಹೇಗೆ, ಕಾಫಿ ಬೇಡವೇ? ಸ್ವಲ್ಪ ಹೊತ್ತಿಗೆ ಕರೆಂಟ್ ಬಿಲ್ ಕಟ್ಟಿದೆ. ಆ ಆ್ಯಪು ಪರದೆ ತುಂಬ ಬಣ್ಣದ ಚೂರು ಹಾರಿಸಿ "ಅಭಿನಂದನೆಗಳು" ಎಂದಿತು. ದುಡ್ಡು ಹೋದದ್ದು ನನ್ನದು, ಸಂಭ್ರಮ ಅದರದ್ದು. ಜೊತೆಗೆ ಕೊಟ್ಟ ಸ್ಕ್ರ್ಯಾಚ್ ಕಾರ್ಡ್ ಉಜ್ಜಿದರೆ ಯಾವುದೋ ಶಾಂಪೂವಿಗೆ ರಿಯಾಯಿತಿ. ನನ್ನ ತಲೆಯನ್ನು ಒಮ್ಮೆ ನೋಡಿದವರು ಯಾರೂ ನನಗೆ ಶಾಂಪೂ ಮಾರಲು ಬರುವುದಿಲ್ಲ.

ಹೊಗಳಿಕೆ ಇಷ್ಟು ಅಗ್ಗವಾದದ್ದಕ್ಕೆ ಫೋನೊಂದನ್ನೇ ದೂರುವುದು ಅನ್ಯಾಯ. ನಮ್ಮ ಸಭೆ ಸಮಾರಂಭಗಳು ಫೋನಿಗಿಂತ ಬಹಳ ಮುಂಚೆಯೇ ಈ ಕಸುಬು ಕಲಿತಿದ್ದವು. ಪರಿಚಯ ಮಾಡಿಕೊಡುವವರು, "ಇವರನ್ನು ಪರಿಚಯಿಸುವುದೆಂದರೆ ಸೂರ್ಯನಿಗೆ ದೀಪ ಹಿಡಿದಂತೆ" ಎಂದು ಶುರುಮಾಡಿ, ಅರ್ಧ ಗಂಟೆಯಾದರೂ ಹಿಡಿದ ದೀಪ ಕೆಳಗಿಡುವುದಿಲ್ಲ. ಆಮೇಲೆ ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ, ಇದೇ ಕ್ರಮದಲ್ಲಿ. ಬುಟ್ಟಿಗೆ ಬಣ್ಣದ ಪ್ಲಾಸ್ಟಿಕ್ ಹಾಳೆ; ಮೇಲೆ ಸ್ಟಿಕರ್ ಅಂಟಿಸಿದ ಸೇಬು, ಕೆಳಗೆ ಕಾಗದದ ಚೂರು. ಪೇಟಕ್ಕೆ ಇರುವುದು ಒಂದೇ ಅಳತೆ. ಸಣ್ಣ ತಲೆಯವರಿಗೆ ಕಣ್ಣಿಗಿಳಿಯುತ್ತದೆ, ದೊಡ್ಡ ತಲೆಯವರಿಗೆ ನೆತ್ತಿಯ ಮೇಲೆ ಅತಿಥಿಯಾಗಿ ಕೂರುತ್ತದೆ. ಫೋಟೊ ಮುಗಿದ ಮೇಲೆ, "ಸಾರ್, ಆ ಪೇಟ..." ಎಂದು ಮೆಲ್ಲಗೆ ಕೈಚಾಚಿದ ಕಾರ್ಯದರ್ಶಿಯನ್ನೂ ನೋಡಿದ್ದೇನೆ. ಪಾಪ, ಮುಂದಿನ ಸನ್ಮಾನಿತರು ಸಾಲಿನಲ್ಲಿ ಕಾಯುತ್ತಿದ್ದರು. ಶಾಲಾದರೂ ಉಪಯೋಗಕ್ಕೆ ಬರುತ್ತದೆಯೇ ಎಂದರೆ, ಜರಿ ಚುಚ್ಚುತ್ತದೆ, ಚಳಿ ತಡೆಯುವುದಿಲ್ಲ. ಕೆಲವು ತಿಂಗಳು ಬೀರುವಿನಲ್ಲಿದ್ದು ಇನ್ನೊಬ್ಬರ ಹೆಗಲಿಗೆ ಹೊರಡುತ್ತದೆ. ಹಾಗೆ ಹೊರಟ ಒಂದು ಶಾಲು ಊರೆಲ್ಲ ಸುತ್ತಿ ಮೊದಲು ಕೊಟ್ಟವರ ಹೆಗಲಿಗೇ ಬಂದು ಕೂತರೂ ಗುರುತು ಹಿಡಿಯುವವರಿಲ್ಲ. ಈ ವಿಷಯದಲ್ಲಿ ಹೇಳುವುದು ಇನ್ನೂ ಬಹಳ ಇದೆ. ಆದರೆ ನಾನು ಬರೆಯಲು ಕೂತದ್ದು ಒಂದು ವಿಡಿಯೊ ಗೇಮಿನ ಬಗ್ಗೆ.

ಹೊಗಳಿಕೆಯೇ ಇಲ್ಲದ ಜಾಗ ಭೂಮಿಯ ಮೇಲೆ ಎಲ್ಲಾದರೂ ಇದೆಯೇ ಎಂದು ಯೋಚಿಸುತ್ತಿದ್ದಾಗ ಟಿವಿ ಸ್ಟ್ಯಾಂಡಿನ ಕೆಳಗೆ ದೂಳು ತಿನ್ನುತ್ತಿದ್ದ 'ಡಾರ್ಕ್ ಸೋಲ್ಸ್' ನೆನಪಾಯಿತು. ಅಣ್ಣನ ಮಗ ಕೆಲಸ ಸಿಕ್ಕಿ ಪುಣೆಗೆ ಹೊರಟಾಗ ತನ್ನ ಪ್ಲೇಸ್ಟೇಷನ್ ಸಮೇತ ಬಿಟ್ಟುಹೋದದ್ದು. ಆಗ ಒಂದು ಕೈ ನೋಡಿ, ಮೊದಲ ರಾಕ್ಷಸನ ಹತ್ತಿರವೇ ಒದೆ ತಿಂದು, "ಇದು ಆಟವಲ್ಲ, ಅವಮಾನ" ಎಂದು ಮುಚ್ಚಿಟ್ಟಿದ್ದೆ. ಇವತ್ತು ಆ ಅವಮಾನವೇ ಬೇಕೆನಿಸಿತು. ವಿಡಿಯೊ ಗೇಮ್ ಒಳ್ಳೆಯದೋ ಕೆಟ್ಟದ್ದೋ, ಈ ವಯಸ್ಸಿಗೆ ಇದೆಲ್ಲ ಬೇಕೇ, ಕಣ್ಣಿನ ಗತಿಯೇನು ಎಂಬುದನ್ನೆಲ್ಲ ಮನೆಯವರು ಕೇಳಿ ಆಗಿದೆ; ಓದುಗರು ಮತ್ತೆ ಕೇಳಬೇಕಾಗಿಲ್ಲ.

ಜಪಾನಿನ ಫ್ರಮ್‌ಸಾಫ್ಟ್‌ವೇರ್ ಕಂಪನಿ 2011ರಲ್ಲಿ ತಂದ ಆಟ ಇದು. ನಮ್ಮ ಮನೆಯಲ್ಲಿರುವುದು 2018ರಲ್ಲಿ ಹೊಳಪು ಕೊಟ್ಟು ಮತ್ತೆ ಬಿಟ್ಟ ಆವೃತ್ತಿ. ಹಾಳುಬಿದ್ದ ಕೋಟೆಗಳು, ಅಸ್ಥಿಪಂಜರಗಳು, ಡ್ರ್ಯಾಗನ್, ಸತ್ತರೂ ಸಾಯಲಾಗದ ಶಾಪ ಹೊತ್ತ ಜನ. ಕಥೆಯನ್ನು ಯಾರೂ ಕೂರಿಸಿಕೊಂಡು ಹೇಳುವುದಿಲ್ಲ. ಸುಲಭ, ಮಧ್ಯಮ, ಕಠಿಣ ಎಂದು ಆರಿಸಿಕೊಳ್ಳುವ ಸೌಕರ್ಯವಿಲ್ಲ. ನಡುವೆ ತಡೆದು ನಿಲ್ಲಿಸುವ ಗುಂಡಿಯೂ ಇಲ್ಲ. ಕುಕ್ಕರ್ ಎಷ್ಟು ಕೂಗಿದರೂ ಶತ್ರು ಕಾಯುವುದಿಲ್ಲ. ಕೊಂದಾಗ ಸಿಗುವ 'ಸೋಲ್'ಗಳೇ ದುಡ್ಡು, ಅವೇ ಬಲ. ಸತ್ತರೆ ಅಷ್ಟೂ ಸತ್ತ ಜಾಗದಲ್ಲೇ ಬಿದ್ದಿರುತ್ತವೆ, ಅಲ್ಲಿಯ ತನಕ ಮತ್ತೆ ಹೋಗಿ ಎತ್ತಿಕೊಳ್ಳಬೇಕು. ದಾರಿಯಲ್ಲಿ ಇನ್ನೊಮ್ಮೆ ಸತ್ತಿರೋ, ಮೊದಲಿನ ಗಂಟು ಹೋದಂತೆಯೇ. ದಣಿವಾರಿಸಿಕೊಳ್ಳಲು ಅಲ್ಲಲ್ಲಿ ಬೆಂಕಿ ಉರಿಯುತ್ತಿರುತ್ತದೆ, ಅದರ ನಡುವೆ ಒಂದು ಕತ್ತಿ ನೆಟ್ಟಿರುತ್ತದೆ. ಅದರ ಮುಂದೆ ಕೂತರೆ ಗಾಯ ಮಾಯುತ್ತದೆ, ಮದ್ದಿನ ಸೀಸೆ ತುಂಬುತ್ತದೆ. ಹಾಗೆಯೇ ನೀವು ಕಷ್ಟಪಟ್ಟು ಕೊಂದವರಲ್ಲಿ ಬಹುಪಾಲು ಮಂದಿ ಎದ್ದು ತಂತಮ್ಮ ಜಾಗದಲ್ಲಿ ನಿಲ್ಲುತ್ತಾರೆ. ಕಚೇರಿಯಿಂದ ಫೈಲು ಬಿಡಿಸಿಕೊಂಡು ಅಭ್ಯಾಸವಿರುವವರಿಗೆ ಈ ನಿಯಮ ಹೊಸದೇನಲ್ಲ.

ಶುರುವಾಗುವುದು ಸೆರೆಮನೆಯಲ್ಲಿ. ಚಾವಣಿಯ ಕಿಂಡಿಯಿಂದ ಯಾವನೋ ಯೋಧ ಒಂದು ಹೆಣ ಕೆಡವುತ್ತಾನೆ, ಹೆಣದ ಬಳಿ ಬೀಗದಕೈ. ನಿಮ್ಮ ಹತ್ತಿರ ಆಯುಧವೆಂದು ಇರುವುದು ಮುರಿದ ಕತ್ತಿಯ ಹಿಡಿ. ಅಂಗಳ ದಾಟಿ ದೊಡ್ಡ ಬಾಗಿಲು ನೂಕಿ ನಾಲ್ಕು ಹೆಜ್ಜೆ ಇಟ್ಟಿರುವುದಿಲ್ಲ, ಡೊಳ್ಳು ಹೊಟ್ಟೆಯ ರಾಕ್ಷಸ ಮೇಲಿಂದ ಧೊಪ್ಪನೆ ಎದುರಿಗೇ ಬೀಳುತ್ತಾನೆ. ಅವನ ಗದೆಯೇ ನಮಗಿಂತ ದೊಡ್ಡದು. ಹಿಡಿಯಿಂದ ಕೆರೆದರೆ ಅವನ ಆಯಸ್ಸಿನ ಪಟ್ಟಿ ಕೂದಲೆಳೆಯಷ್ಟು ಕರಗುತ್ತದೆ. ಗದೆ ಎರಡು ಸಲ ತಾಗಿದರೆ ನಮ್ಮ ಕಥೆ ಮುಗಿಯಿತು. ಪುಣೆಗೆ ಫೋನು ಹಚ್ಚಿದೆ.

"ಚಿಕ್ಕಪ್ಪ, ಎಡಗಡೆ ನೋಡಿ. ಬಾಗಿಲು ತೆರೆದೇ ಇದೆ. ಓಡಿ."

"ಓಡೋದಾ? ನೀನು ಇಷ್ಟು ದುಡ್ಡು ಕೊಟ್ಟು ತಂದಿದ್ದು ಓಡೋದಕ್ಕಾ?"

"ಓಡಿದವರಿಗೆ ಮುಂದೆ ಕತ್ತಿ ಸಿಗುತ್ತೆ. ನಿಂತವರಿಗೆ ಏನೂ ಸಿಗಲ್ಲ."

ಓಡಿದೆ. ಕತ್ತಿ ಸಿಕ್ಕಿತು, ಗುರಾಣಿ ಸಿಕ್ಕಿತು, ಮದ್ದಿನ ಸೀಸೆಯೂ ಸಿಕ್ಕಿತು. ಮೆಟ್ಟಿಲು ಹತ್ತಿ ಬಂದರೆ ಅದೇ ಹಜಾರದ ಮೇಲಿನ ಅಂಚಿನಲ್ಲಿ ನಿಂತಿದ್ದೇನೆ, ಕೆಳಗೆ ಅದೇ ರಾಕ್ಷಸನ ನೆತ್ತಿ. ಕತ್ತಿ ಕೆಳಮುಖ ಮಾಡಿ ಹಾರಿದೆ. ಆಯಸ್ಸಿನ ಪಟ್ಟಿ ಒಂದೇ ಏಟಿಗೆ ಸರ್ರನೆ ಇಳಿಯಿತು. ಉಳಿದದ್ದಕ್ಕೆ ಬಹಳ ಬೆವರು ಸುರಿಸಬೇಕಾಯಿತು. ಕೊನೆಗೆ ಅವನು ಉರುಳಿದಾಗ 'ವಿಕ್ಟರಿ ಅಚೀವ್ಡ್' ಎಂಬ ಎರಡು ಪದ ಮೂಡಿ ಮಾಯವಾದವು. ಸೋತಾಗಲೂ ಅಷ್ಟೇ, ಕೆಂಪಕ್ಷರದಲ್ಲಿ 'ಯು ಡೈಡ್'. ಧೈರ್ಯಗೆಡಬೇಡಿ, ಚೆನ್ನಾಗಿ ಆಡಿದಿರಿ ಎಂಬ ಉಪಚಾರವಿಲ್ಲ. ಗೆದ್ದಾಗ ಎರಡು ಪದ, ಸತ್ತಾಗ ಎರಡು ಪದ. ಇಷ್ಟು ಮಿತಭಾಷಿಯಾದ ಅಧ್ಯಕ್ಷರು ಸಿಕ್ಕರೆ ನಾನು ಎಲ್ಲ ಸಭೆಗೂ ಹೋಗುತ್ತೇನೆ.

ಆಟದಲ್ಲಿ ಇನ್ನೊಂದು ವಿಚಿತ್ರವಿದೆ. ನೆಲದ ಮೇಲೆ ಅಲ್ಲಲ್ಲಿ ರಕ್ತದ ಕಲೆ ಕಾಣುತ್ತದೆ. ಮುಟ್ಟಿದರೆ, ಜಗತ್ತಿನ ಇನ್ನಾವುದೋ ಮೂಲೆಯಲ್ಲಿ ಆಡಿದ ಯಾರೋ ಅಲ್ಲಿ ಸತ್ತ ಕೊನೆಯ ಕ್ಷಣಗಳು ಕೆಂಪು ನೆರಳಾಗಿ ಎದ್ದು ಆಡಿ ಬೀಳುತ್ತವೆ. ಇದನ್ನು ನೋಡುತ್ತಿದ್ದಂತೆ ನನಗೆ ರನ್ನನ 'ಗದಾಯುದ್ಧ' ನೆನಪಾಗಿ ಆಟ ಅಲ್ಲೇ ನಿಂತಿತು. ನಿಂತದ್ದು ನಾನು, ಶತ್ರು ನಿಲ್ಲಲಿಲ್ಲ. ಸಂಜಯನ ಜೊತೆ ರಣರಂಗದ ಹೆಣಗಳ ನಡುವೆ ದಾರಿ ಮಾಡಿಕೊಂಡು ಹೋಗುವ ದುರ್ಯೋಧನ ದ್ರೋಣನನ್ನು ಕಾಣುತ್ತಾನೆ, ದುಶ್ಶಾಸನನನ್ನು, ಮಗ ಲಕ್ಷಣನನ್ನು, ಕರ್ಣನನ್ನು ಕಾಣುತ್ತಾನೆ. ಒಬ್ಬೊಬ್ಬರೂ ಎಲ್ಲಿ ಹೇಗೆ ಬಿದ್ದರೆಂದು ನೆಲವೇ ಹೇಳುತ್ತಿರುತ್ತದೆ. ಅಭಿಮನ್ಯುವಿನ ಹೆಣದ ಮುಂದೆ ನಿಂತು ಆ ಶತ್ರುವಿನ ಮಗನನ್ನು ಕೈಮುಗಿದು ಹೊಗಳುತ್ತಾನೆ. ಮೈಕಿಲ್ಲ, ಹಾರವಿಲ್ಲ, ಹೊಗಳಿಸಿಕೊಂಡವನಿಗೆ ಕೇಳಿಸುವುದೂ ಇಲ್ಲ. ಶಾಲೆಯಲ್ಲಿ ಇದನ್ನು ಅನ್ವಯ, ಭಾವಾರ್ಥವೆಂದು ಉರುಹೊಡೆದವರು ನಾವು. ಕನ್ನಡದಲ್ಲಿ ನಡೆದ ಸನ್ಮಾನಗಳಲ್ಲೆಲ್ಲ ಖರೆಯಾದದ್ದು ಅದೊಂದೇ ಎಂದು ಆಗ ಯಾರೂ ಹೇಳಿಕೊಡಲಿಲ್ಲ.

'ಡಾರ್ಕ್ ಸೋಲ್ಸ್' ಹಿಂದಿರುವವರು ಹಿದೆತಾಕಾ ಮಿಯಾಝಾಕಿ. ಐಟಿ ಕಂಪನಿಯ ಕೆಲಸ ಬಿಟ್ಟು, ಕಡಿಮೆ ಸಂಬಳ ಒಪ್ಪಿ ಆಟ ಮಾಡಲು ಬಂದವರು. ಇದಕ್ಕೂ ಮುಂಚೆ, ಎಲ್ಲರೂ ಕೈಬಿಟ್ಟಿದ್ದ 'ಡೀಮನ್ಸ್ ಸೋಲ್ಸ್' ಎಂಬ ಯೋಜನೆಯನ್ನು, ಹೇಗೂ ಕೆಟ್ಟಿರುವುದು ಇನ್ನೇನು ಕೆಡುತ್ತದೆ ಎಂದು ತಾವಾಗಿ ವಹಿಸಿಕೊಂಡರು. ಸೋನಿಯ ಹಿರಿಯ ಅಧಿಕಾರಿ ಶುಹೇಯಿ ಯೊಶಿದಾ ಸುಮಾರು ಎರಡು ಗಂಟೆ ಆಡಿ, ಆರಂಭವನ್ನೇ ದಾಟಲಾಗದೆ, ಇದು ಕಸ ಎಂದರು. 2009ರಲ್ಲಿ ಸೋನಿ ಅದನ್ನು ಜಪಾನಿನಲ್ಲಿ ಬಿಟ್ಟಿತು, ಅಮೆರಿಕಕ್ಕೆ ತಂದದ್ದು ಅಟ್ಲಸ್ ಎಂಬ ಬೇರೆ ಕಂಪನಿ. 2020ರಲ್ಲಿ ಪ್ಲೇಸ್ಟೇಷನ್ 5 ಮಾರುಕಟ್ಟೆಗೆ ಬಂದಾಗ ಸೋನಿ ಅದರ ಜೊತೆಗೇ ನಿಲ್ಲಿಸಿದ್ದು ಅದೇ 'ಡೀಮನ್ಸ್ ಸೋಲ್ಸ್'ನ ಹೊಸ ರೂಪವನ್ನು. ಇದೇ ಮಿಯಾಝಾಕಿಯ 'ಎಲ್ಡನ್ ರಿಂಗ್' 2022ರಲ್ಲಿ ತಿಂಗಳು ತುಂಬುವ ಮೊದಲೇ 1 ಕೋಟಿ 20 ಲಕ್ಷ ಪ್ರತಿ ದಾಟಿತು. ಕಸ ಎಂದ ಸೋನಿಯೇ ಎರಡನೇ ಅವಕಾಶ ಕೊಟ್ಟ ಮೇಲೆ ನನ್ನದೇನು ಹೆಚ್ಚುಗಾರಿಕೆ?

ಮಿಯಾಝಾಕಿ ಒಂದು ಸಂದರ್ಶನದಲ್ಲಿ ಹೇಳಿದ ಘಟನೆ ನನಗೆ ಇಡೀ ಆಟಕ್ಕಿಂತ ಇಷ್ಟ. ಹಿಮ ಬಿದ್ದ ಗುಡ್ಡದ ರಸ್ತೆ. ಏರಿನಲ್ಲಿ ಮುಂದಿನ ಕಾರು ಜಾರಿ ನಿಂತಿತು, ಹಿಂದಿನವೂ ನಿಂತವು. ಹಿಂದಿನವರು ತಮ್ಮ ಕಾರಿನಿಂದಲೇ ಮುಂದಿನ ಕಾರನ್ನು ಮೆಲ್ಲಗೆ ನೂಕಿದರು; ಹಾಗೆ ಒಬ್ಬರನ್ನೊಬ್ಬರು ನೂಕುತ್ತ ಏರು ಹತ್ತಿದರು. ನಿಂತು ಧನ್ಯವಾದ ಹೇಳೋಣವೆಂದರೆ ತಮ್ಮ ಕಾರೇ ಮತ್ತೆ ಸಿಕ್ಕಿಬೀಳುತ್ತದೆ. ಸಾಲಿನ ಕೊನೆಯಲ್ಲಿದ್ದವನು ಮನೆ ಸೇರಿದನೋ ಇಲ್ಲವೋ ಎಂದು ಅವರು ಯೋಚಿಸುತ್ತ ಹೋದರಂತೆ. ಆ ಯೋಚನೆಯೇ ಆಟಕ್ಕೆ ಬಂತು. ಕಷ್ಟದ ಕಾಳಗದ ಮುಂದೆ ನೆಲದ ಮೇಲೆ ಹೊಳೆಯುವ ಗುರುತು ಮುಟ್ಟಿದರೆ ಗುರುತಿಲ್ಲದ ಯಾರೋ ಬಂದು ಪಕ್ಕದಲ್ಲಿ ನಿಂತು ಹೋರಾಡುತ್ತಾರೆ. ರಾಕ್ಷಸ ಸತ್ತೊಡನೆ ಮಾಯ. ಬಿಡುವಿದ್ದರೆ ಒಮ್ಮೆ ತಲೆಬಾಗುತ್ತಾರೆ, ಅಷ್ಟೇ.

ಮಳೆ ಬಂದರೆ ನಮ್ಮ ಅಂಡರ್‌ಪಾಸುಗಳಲ್ಲೂ ಗಾಡಿಗಳು ನಿಲ್ಲುತ್ತವೆ. ಪ್ಯಾಂಟು ಮೊಣಕಾಲಿಗೆ ಮಡಚಿಕೊಂಡು ಇಳಿದು, ಆಟೊವನ್ನೋ ಸ್ಕೂಟರನ್ನೋ ನೂಕಿ ದಡ ಹತ್ತಿಸಿ, ಮುಖ ತೋರಿಸದೆ ಹೋಗುವವರು ಇಲ್ಲೂ ಇದ್ದಾರೆ. ಅವರಿಗೆ ಯಾವ ಸಂಘವೂ ಪೇಟ ಕಟ್ಟಿಲ್ಲ, ಕಟ್ಟುವುದೂ ಬೇಡ. ಮುಂದಿನ ಮಳೆಗೆ ಎಲ್ಲಾದರೂ ಒಂದು ಗಾಡಿ ನಿಂತದ್ದು ಕಂಡರೆ ನೀವೂ ಇಳಿದು ಒಂದು ಕೈ ಹಾಕಿ, ಥ್ಯಾಂಕ್ಸ್‌ಗೆ ಕಾಯದೆ ಮನೆಗೆ ಹೋಗಿ.