ಹುಳುಗಳ ಜಮಾ-ಖರ್ಚು

ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಲೆಡ್ಜರ್ ಬರೆದವನು ನಾನು. ಜಮಾ ಎಷ್ಟು, ಖರ್ಚು ಎಷ್ಟು ಎಂದು ನೋಡದೆ ಯಾರ ಖಾತೆಯ ಬಗ್ಗೆಯೂ ಮಾತಾಡಬಾರದು ಎಂಬುದು ಅಲ್ಲಿ ಕಲಿತ ಪಾಠ. ಮಕ್ಕಳೇ, ಇವತ್ತು ಹುಳುಗಳ ಖಾತೆ ತೆರೆದು ನೋಡೋಣ.

ಮೊದಲು ಗುರುತು. ಬೆಳೆದ ಕೀಟಕ್ಕೆ ಆರು ಕಾಲು, ತಲೆಯ ಮೇಲೆ ಎರಡು ಮೀಸೆ. ಮೈಯಲ್ಲಿ ತಲೆ, ಎದೆ, ಹೊಟ್ಟೆ ಎಂದು ಮೂರು ಭಾಗ. ಜೇಡಕ್ಕೂ ಚೇಳಿಗೂ ಎಂಟು ಕಾಲು, ಆದ್ದರಿಂದ ಅವು ಕೀಟಗಳಲ್ಲ.

ಈಗ ಖರ್ಚಿನ ಕಡೆ. ದಾವಣಗೆರೆ ಸುತ್ತ ಎಲ್ಲಿ ನೋಡಿದರೂ ಮೆಕ್ಕೆಜೋಳ. ಅಮೆರಿಕ ಖಂಡದ ಸೈನಿಕ ಹುಳು ಭಾರತದಲ್ಲಿ ಮೊದಲು ಕಂಡದ್ದು 2018ರಲ್ಲಿ, ನಮ್ಮ ಪಕ್ಕದ ಶಿವಮೊಗ್ಗದ ಕಡೆ. ಅದೇ ವರ್ಷ ಹರಿಹರದ ಹತ್ತಿರ ನನ್ನ ತಮ್ಮನ ಹೊಲಕ್ಕೂ ಬಂತು. ಹಗಲಲ್ಲಿ ಸುಳಿಯೊಳಗೆ ಅಡಗಿ ಕೂತು ಎಲೆಯನ್ನು ಜರಡಿ ಮಾಡುತ್ತಿತ್ತು. ಬೆಳೆಸಾಲ ತಲೆಯ ಮೇಲಿತ್ತು. ತಮ್ಮ ಊಟ ಬಿಟ್ಟು ಬದುವಿನ ಮೇಲೆ ಕೂತುಬಿಟ್ಟಿದ್ದ.

"ಅಜ್ಜಾ, ಹುಳ ಎಲ್ಲಾ ಒಂದೇ ಸಲ ಸತ್ತೋದ್ರೆ ಒಳ್ಳೇದಲ್ವಾ?" ಎಂದಳು ಮೊಮ್ಮಗಳು.

ಪಕ್ಕದ ತಾಕಿನಲ್ಲಿ ಸೂರ್ಯಕಾಂತಿ ಹೂ ಬಿಟ್ಟಿತ್ತು, ಹೂವಿನ ತುಂಬ ಜೇನ್ನೊಣ. ಮೆಕ್ಕೆಜೋಳದ ಪರಾಗವನ್ನು ಗಾಳಿಯೇ ಒಯ್ಯುತ್ತದೆ. ಸೂರ್ಯಕಾಂತಿಗೆ ಜೇನ್ನೊಣ ಬೇಕು. ಅದು ಬಾರದಿದ್ದರೆ ಕಾಳು ಜೊಳ್ಳಾಗುತ್ತದೆ. "ಎಲ್ಲಾ ಸತ್ತರೆ ಈ ಹೊಲದ ಗತಿ ಏನವ್ವಾ?" ಎಂದೆ.

ತಮ್ಮನೂ ಯೋಚನೆ ಮಾಡಿದ. ಹೊಲಕ್ಕೆಲ್ಲ ಔಷಧಿ ಹೊಡೆಯಲಿಲ್ಲ. ಜೇನ್ನೊಣ ಗೂಡಿಗೆ ಮರಳಿದ ಮೇಲೆ, ಸಂಜೆ ಹೊತ್ತು, ಹುಳು ಬಿದ್ದ ಗಿಡದ ಸುಳಿಗೆ ಮಾತ್ರ ಬಿಟ್ಟ. ಕೆಲಸ ಮೂರು ಪಟ್ಟು ಆಯಿತು. ಮೆಕ್ಕೆಜೋಳ ಪೂರ್ತಿ ಉಳಿಯಲಿಲ್ಲ. ಆದರೆ ಸೂರ್ಯಕಾಂತಿ ಕಾಳು ಕಟ್ಟಿತು, ಆ ವರ್ಷ ಮನೆ ನಡೆದದ್ದು ಅದರಿಂದ.

ಜಮಾ ಕಡೆ ಇನ್ನೂ ಇದೆ. ಗುಲಗಂಜಿ ಹುಳು ಗಿಡದ ಹೇನು ತಿನ್ನುತ್ತದೆ. ಸಗಣಿ ಹುಳು ಸಗಣಿಯನ್ನು ಮಣ್ಣಿಗೆ ಸೇರಿಸಿ ಗೊಬ್ಬರ ಮಾಡುತ್ತದೆ. ತುಂಗಭದ್ರೆಯ ದಂಡೆಯಲ್ಲಿ ಹಾರುವ ಏರೋಪ್ಲೇನ್ ಚಿಟ್ಟೆ ಸೊಳ್ಳೆ ಹಿಡಿಯುತ್ತದೆ. ಅದರ ಮರಿ ನೀರಿನಲ್ಲಿದ್ದು ಸೊಳ್ಳೆಮರಿ ತಿನ್ನುತ್ತದೆ. ಟ್ರೈಕೋಗ್ರಾಮಾ ಎಂಬ ಕಣಜ ಒಂದು ಮಿಲಿಮೀಟರ್ ಕೂಡ ಇಲ್ಲ. ಅದು ಪತಂಗದ ಮೊಟ್ಟೆಯೊಳಗೇ ತನ್ನ ಮೊಟ್ಟೆ ಇಡುತ್ತದೆ. ಆ ಮೊಟ್ಟೆಯಿಂದ ಬೆಳೆ ತಿನ್ನುವ ಹುಳುವಿನ ಬದಲು ಕಣಜವೇ ಹೊರಬರುತ್ತದೆ. ಇವರಾರೂ ಸಂಬಳ ಕೇಳುವುದಿಲ್ಲ.

ಈ ಭಾನುವಾರ ಅಜ್ಜನನ್ನೋ ಅಜ್ಜಿಯನ್ನೋ ಕರೆದುಕೊಂಡು ಹಿತ್ತಲ ತುಂಬೆ ಗಿಡದ ಮುಂದೆ ಹತ್ತು ನಿಮಿಷ ಕೂರಿ. ಮುಟ್ಟಬೇಡಿ, ಓಡಿಸಬೇಡಿ. ಎಷ್ಟು ಬಗೆಯ ಹುಳು ಬಂದವು, ಯಾವುದಕ್ಕೆ ಎಷ್ಟು ಕಾಲು, ಏನು ಮಾಡಿ ಹೋದವು ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಅಜ್ಜನ ಕನ್ನಡಕ ಮಾತ್ರ ಮರೆಯದೆ ತೆಗೆದುಕೊಂಡು ಹೋಗಿ.