ಸಾಣಿಕಟ್ಟಾದ ಉಪ್ಪು, ಎರಡು ಕೀಲಿಯ ಬಾಗಿಲು

ಕಳೆದ ಬೇಸಿಗೆ ರಜೆಯಲ್ಲಿ ಮೊಮ್ಮಗನನ್ನು ಕರೆದುಕೊಂಡು ಕುಮಟಾದ ತಂಗಿಯ ಮನೆಗೆ ಹೋಗಿದ್ದೆ. ಅಲ್ಲಿಂದ ಬಸ್ಸಿನಲ್ಲಿ ಗೋಕರ್ಣದ ಕಡೆ ಹೊರಟರೆ ಸಾಣಿಕಟ್ಟಾ ಸಿಗುತ್ತದೆ. ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯ ಪಕ್ಕದ ಊರು. ಉಪ್ಪಿನ ಆಗರಗಳು ಚೌಕ ಚೌಕವಾಗಿ ಹರಡಿಕೊಂಡಿವೆ. ಉಬ್ಬರದ ನೀರನ್ನು ಒಳಗೆ ಬಿಟ್ಟುಕೊಂಡು ಬಿಸಿಲಿಗೆ ಒಣಗಿಸಿ, ಉಳಿದ ಉಪ್ಪನ್ನು ಎಳೆದು ರಾಶಿ ಹಾಕುತ್ತಾರೆ. ಆ ಬಿಸಿಲಿನಲ್ಲಿ ಐದು ನಿಮಿಷ ನಿಲ್ಲುವುದೇ ಕಷ್ಟ. ಅವರು ದಿನವಿಡೀ ದುಡಿಯುತ್ತಾರೆ.

ರಸ್ತೆ ಬದಿಯಲ್ಲಿ ಎಳೆ ಸೌತೆಕಾಯಿ ಸೀಳಿಸಿ, ಉಪ್ಪು ಖಾರ ಹಚ್ಚಿಸಿಕೊಂಡೆವು. ತಿನ್ನುವಷ್ಟರಲ್ಲಿ ಪುಟ್ಟನ ಮೊಣಕೈವರೆಗೂ ನೀರು ಸುರಿಯಿತು.

“ಅಜ್ಜ, ಇದು ನಮ್ಮ ಪಾಠದಲ್ಲಿದೆ. ಉಪ್ಪು ಹೊರಗೆ ಹೆಚ್ಚಾದರೆ ಜೀವಕೋಶದೊಳಗಿನ ನೀರು ಕೋಶಪೊರೆ ದಾಟಿ ಹೊರಗೆ ಬರುತ್ತದೆ.”

ಓದಿದ್ದು ಬಿ.ಕಾಂ., ಮಾಡಿದ್ದು ಬ್ಯಾಂಕಿನ ಗುಮಾಸ್ತಿಕೆ. ಕೋಶಪೊರೆ ನನಗೆ ಹೊಸದು. ಅವನೇ ಹೇಳಿದ: ಎರಡು ಪದರ ಕೊಬ್ಬಿನ ಕಣಗಳು, ನೀರನ್ನು ಇಷ್ಟಪಡುವ ತಲೆ ಹೊರಗೆ, ನೀರನ್ನು ದೂರವಿಡುವ ಬಾಲ ಒಳಗೆ, ನಡುನಡುವೆ ಪ್ರೋಟೀನಿನ ಬಾಗಿಲುಗಳು. ಒಂದು ಕಾಗದದ ದಪ್ಪಕ್ಕೆ ಇಂಥ ಪೊರೆಗಳನ್ನು 10 ಸಾವಿರಕ್ಕೂ ಹೆಚ್ಚು ಪೇರಿಸಬೇಕಂತೆ. ನೀರಿಗೇ ಮೀಸಲಾದ ಬಾಗಿಲನ್ನು ಕಂಡುಹಿಡಿದ ಪೀಟರ್ ಆಗ್ರೆಗೆ 2003ರಲ್ಲಿ ನೊಬೆಲ್ ಬಂತು.

“ಹಾಗಾದರೆ ಅದು ಹೇಗೆ ಬದುಕಿದೆ?” ಎಂದು ಉಪ್ಪುನೀರಿನಲ್ಲೇ ಹಸಿರಾಗಿ ನಿಂತ ಕಾಂಡ್ಲಾ ಗಿಡ ತೋರಿಸಿದೆ. ಪಾಠದಲ್ಲಿ ಅದು ಇರಲಿಲ್ಲ. ಅಲ್ಲಿದ್ದ ಹಿರಿಯರೊಬ್ಬರು ಒಂದು ಎಲೆ ಕಿತ್ತು “ನೆಕ್ಕು ಮಗಾ” ಎಂದರು. ಉಪ್ಪು! ಬೇರಿನ ಪೊರೆಗಳು ಬಹುಪಾಲು ಉಪ್ಪನ್ನು ಹೊರಗೇ ತಡೆದು ನೀರನ್ನು ಒಳಗೆ ಬಿಡುತ್ತವೆ. ನುಸುಳಿ ಬಂದ ಉಪ್ಪನ್ನು ಕೆಲವು ಜಾತಿಯವು ಎಲೆಯಿಂದ ಹೊರಹಾಕುತ್ತವೆ.

ಆ ರಾತ್ರಿ ಪುಟ್ಟನಿಗೆ ವಾಂತಿ, ಭೇದಿ ಶುರುವಾಯಿತು. ಬೆಳಗಿನ ಜಾವಕ್ಕೆ ಕಣ್ಣು ಗುಳಿಬಿದ್ದು, ನಾಲಿಗೆ ಒಣಗಿತ್ತು. ನನ್ನ ಕೈ ನಡುಗತೊಡಗಿತು. 1957ರಲ್ಲಿ ನನ್ನ ಮೂರು ವರ್ಷದ ತಮ್ಮ ಹೀಗೆಯೇ ಮಲಗಿದ್ದ. ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆ ಎಂಬ ನಂಬಿಕೆ ಆಗ ಮನೆಮನೆಯಲ್ಲಿತ್ತು. ಅವನು “ನೀಯು, ನೀಯು” ಅನ್ನುತ್ತಿದ್ದ. ನಾನು ಲೋಟ ಹಿಡಿದು ಹೋದೆ. ದೊಡ್ಡವರು ಕೈಯಿಂದ ಕಿತ್ತುಕೊಂಡರು. ಮಧ್ಯಾಹ್ನಕ್ಕೆ ಅವನು ಇರಲಿಲ್ಲ. ಇದನ್ನು ನಾನು ಮಕ್ಕಳಿಗೂ ಹೇಳಿರಲಿಲ್ಲ.

ತಂಗಿಯ ಸೊಸೆ ನರ್ಸ್. ಓಆರ್‌ಎಸ್ ಪ್ಯಾಕೆಟ್ ಕಲಸಿ, ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕುಡಿಸುತ್ತ ಕುಳಿತಳು. “ಬರೀ ನೀರು ಸಾಲದಾ?” ಎಂದೆ.

“ಕರುಳಿನ ಕೋಶಪೊರೆಯಲ್ಲಿ ಒಂದು ಬಾಗಿಲಿದೆ ಮಾವ. ಉಪ್ಪಿನ ಸೋಡಿಯಂ, ಗ್ಲೂಕೋಸ್ ಎರಡೂ ಜೊತೆಯಾಗಿ ಬಂದರೆ ಒಳಗೆ ಬಿಡುತ್ತದೆ. ಅವುಗಳ ಬೆನ್ನಿಗೇ ನೀರೂ ಹೋಗುತ್ತದೆ. ಕಾಲರಾ ಬಂದಾಗಲೂ ಈ ಬಾಗಿಲು ಕೆಲಸ ಮಾಡುತ್ತದೆ.”

ಅರ್ಥವಾಯಿತು. ಬ್ಯಾಂಕಿನ ಲಾಕರು! ಗ್ರಾಹಕರದೊಂದು ಕೀಲಿ, ನಮ್ಮದೊಂದು ಕೀಲಿ, ಒಂದರಿಂದ ತೆರೆಯುವುದಿಲ್ಲ. ಎಷ್ಟು ವರ್ಷ ಆ ಕೀಲಿ ತಿರುಗಿಸಿದ್ದೇನೆ!

1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿ ಸಲೈನ್ ಮುಗಿಯುತ್ತ ಬಂದಾಗ, ಡಾ. ದಿಲೀಪ್ ಮಹಾಲನಬಿಸ್ ಈ ಉಪ್ಪು-ಗ್ಲೂಕೋಸಿನ ನೀರನ್ನೇ ಕುಡಿಸಿ ಬಹಳ ಜನರನ್ನು ಉಳಿಸಿದರಂತೆ. ನನ್ನ ತಮ್ಮ ಹೋಗಿ ಆಗ 14 ವರ್ಷವಾಗಿತ್ತು. ಪ್ಯಾಕೆಟ್ ಸಿಗದಿದ್ದರೆ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು, ಚಮಚ ಮಟ್ಟಸವಾಗಿರಬೇಕು. ಉಪ್ಪು ಹೆಚ್ಚಾದರೆ ಸೌತೆಕಾಯಿಯ ಕಥೆಯೇ.

ಸೊಸೆಯ ಕೈಯಿಂದ ಲೋಟ ಇಸಿದುಕೊಂಡು, ಉಳಿದದ್ದನ್ನು ನಾನೇ ಕುಡಿಸಿದೆ.

ಬೆಳಿಗ್ಗೆ ಡಾಕ್ಟರು ನೋಡಿ, ಹೆದರಬೇಡಿ, ಇದನ್ನೇ ಮುಂದುವರಿಸಿ ಎಂದರು. ಮರುದಿನ ಪುಟ್ಟ ತೆಳ್ಳೇವು ಕೇಳಿದ. ಎರಡು ತಿಂದ. ಮೂರನೆಯದಕ್ಕೆ ಕೈ ಹಾಕಿದಾಗ, ಸಾಕು ಮಾರಾಯ ಎಂದು ನಾನೇ ತಟ್ಟೆ ಎಳೆದುಕೊಂಡೆ.